ಮೂರನೇ ಮನೆಗೆ ಹೋದ ಉಸಿರು

ಹೋದ ಮಂಗಳವಾರ ನಾನು ನ್ಯಾಮತಿಗೆ ಹೋದಾಗ ನಮ್ಮಕ್ಕ ಮನೆಯಲ್ಲೇ ಇದ್ದಳು. ಅವಳ ಉಸಿರು ಮಾತ್ರ ಮನೆಯಲ್ಲಿರಲಿಲ್ಲ. ಮೂರನೇ ಮನೆಗೆ ಹೋಗಿತ್ತು.

ಅಂಕಣಗಾರ್ತಿ ಏನೋ ಅಲಂಕಾರ ಮಾಡಿ ಹೇಳುತ್ತಿದ್ದಾಳೆ ಅಂದುಕೊಳ್ಳಬೇಡಿ. ನಡೆದದ್ದನ್ನೇ ಹೇಳುತ್ತಿದ್ದೇನೆ.

ನಮ್ಮ ಗಿರಿಜಕ್ಕ ಮತ್ತು ಭಾವ ಮೂವತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವವರು. ರಾಗಿ, ಜೋಳ, ಗೋಧಿ. ಬೇಸಿಗೆ ಬಂತೆಂದರೆ ಮೆಣಸಿನಕಾಯಿ. ಹಿಟ್ಟು ಊರವರಿಗೆ, ಧೂಳು ಅಕ್ಕನಿಗೆ. ಭಾವ ಹೊರಗೆ ಕೂತು ತೂಕ ಹಾಕಿದರೆ, ಅಕ್ಕ ಒಳಗೆ ನಿಂತು ಕಾಳು ಸುರಿಯುವಳು. ಈಗ ಅವಳ ಶ್ವಾಸಕೋಶ ತಾನೇ ಒಂದು ಹಳೇ ಗಿರಣಿಯಂತೆ ಸದ್ದು ಮಾಡುತ್ತದೆ. ದಿನಕ್ಕೆ ಎರಡು ಸಲ ನೆಬ್ಯುಲೈಜರ್ ಬೇಕೇ ಬೇಕು. ಗೊತ್ತಲ್ಲ, ಪುಟ್ಟ ಡಬ್ಬಿಯಂಥ ಮಷಿನ್. ಅದಕ್ಕೊಂದು ಪೈಪು, ಪೈಪಿಗೊಂದು ಔಷಧಿ ಹಾಕುವ ಬಟ್ಟಲು, ಅದರ ಮೇಲೆ ಮೂಗು-ಬಾಯಿ ಮುಚ್ಚುವ ಮಾಸ್ಕು. ಸ್ವಿಚ್ ಹಾಕಿದರೆ ಔಷಧಿ ಮಂಜಿನಂತಾಗಿ ಎದೆಗೆ ಇಳಿಯುತ್ತದೆ.

ನಾನು ಚನ್ನಗಿರಿಯಿಂದ ಹೊನ್ನಾಳಿಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕನ ಮನೆ ಮುಟ್ಟಿದೆ. ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು. ಎರಡೂ ಕೈ ಮೊಣಕಾಲ ಮೇಲೆ. ಹೆಗಲು ಏರುತ್ತಿದೆ, ಇಳಿಯುತ್ತಿದೆ. ‘ಬಾರೇ’ ಅನ್ನುವ ಎರಡಕ್ಷರಕ್ಕೆ ಮೂರು ಸಲ ಉಸಿರೆಳೆದಳು.

‘ಮಷಿನ್ ಎಲ್ಲೇ?’ ಅಂದೆ.

‘ಪುಟ್ಟಮ್ಮನ... ಮೊಮ್ಮಗೂಗೆ... ಕೊಟ್ಟೀನಿ.’

‘ಯಾವಾಗ?’

‘ಮೊನ್ನೆ.’

ಮೊನ್ನೆ! ಅಂದರೆ ಎರಡು ದಿನದಿಂದ ಈಕೆ ಹೀಗೇ ಕೂತಿದ್ದಾಳೆ. ಭಾವ ಗಿರಣಿಯಲ್ಲಿ. ಅವರಿಗೆ ಹೇಳಿದ್ದಾಳಾ? ಇಲ್ಲ. ಹೇಳಿದರೆ ಹೋಗಿ ಇಸಕೊಂಡು ಬರುತ್ತಾರಂತೆ. ಕೊಟ್ಟದ್ದನ್ನು ಹಾಗೆ ಹೋಗಿ ಕೇಳುವುದು ಚೆಂದವಾ ಅಂತ!

(ಉಪ್ಪು, ಹೆಪ್ಪು, ಬೆಂಕಿ ಕೇಳಿ ಬಂದವರಿಗೆ ಇಲ್ಲ ಅನ್ನಬಾರದು ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದಳು. ಆ ಪಟ್ಟಿಗೆ ಅಕ್ಕ ನೆಬ್ಯುಲೈಜರನ್ನೂ ಸೇರಿಸಿಕೊಂಡಿದ್ದು ನನಗೆ ಗೊತ್ತಿರಲಿಲ್ಲ.)

ಚಪ್ಪಲಿಯನ್ನೂ ಮೆಟ್ಟದೆ ಮೂರನೇ ಮನೆಗೆ ಓಡಿದೆ. ಪುಟ್ಟಮ್ಮ ಬಾಗಿಲಲ್ಲೇ ಸೊಪ್ಪು ಸೋಸುತ್ತಾ ಕೂತಿದ್ದಳು. ‘ಅಯ್ಯೋ, ಕೂಸಿಗೆ ನಿನ್ನೆನೇ ಆರಾಮಾತು ಕಣವ್ವ. ಹಿಂದಿನ ಬೀದಿ ನಾಗಪ್ಪಜ್ಜ ಕೆಮ್ಮಿ ಕೆಮ್ಮಿ ಸಾಯ್ತಿದ್ದ. ಅವರ ಸೊಸೆ ಬಂದು ಇಸ್ಕಂಡು ಹೋದ್ಲು’ ಅಂದಳು.

ಹಿಂದಿನ ಬೀದಿಗೆ ಓಡಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮಷಿನ್ನಿನ ಗುರ್‍ರ್ ಸದ್ದು ಬೀದಿಗೇ ಕೇಳುತ್ತಿತ್ತು. ಒಳಗೆ ನಾಗಪ್ಪಜ್ಜ ಗೋಡೆಗೊರಗಿ, ಮುಖಕ್ಕೆ ಅಕ್ಕನ ಮಾಸ್ಕು ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದಾನೆ. ಕಿವಿಯ ಸಂದಿಯಲ್ಲಿ ಒಂದು ಬೀಡಿ. (ಉಸಿರು ಸರಿಯಾದ ಕೂಡಲೇ ಹಚ್ಚಲು ಇರಬೇಕು.)

‘ಒಂದು ಗಳಿಗೆ ತಡಿಯವ್ವ, ಇನ್ನೊಂದೀಟು ಐತೆ’ ಅಂದ ಅಜ್ಜ, ಮಾಸ್ಕಿನ ಒಳಗಿಂದಲೇ.

ಆಗ ನನ್ನ ಮೂಗಿಗೆ ಬಡಿದದ್ದು ನೀಲಗಿರಿ ಎಣ್ಣೆಯ ವಾಸನೆ. ಮೊದಲು ಯಾರೋ ಎದೆಗೆ ಹಚ್ಚಿರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಮಾಸ್ಕಿನ ಕೆಳಗಿನ ಔಷಧಿ ಬಟ್ಟಲಿನಲ್ಲಿ ನೀರಿನ ಮೇಲೆ ಎಣ್ಣೆ ತೇಲುತ್ತಿದೆ!

‘ಏನಮ್ಮಾ ಇದು?’ ಅಂದೆ, ಸ್ವಿಚ್ ಆರಿಸುತ್ತಾ.

ಸೊಸೆ ನಿರಾಳವಾಗಿ ಹೇಳಿದಳು: ‘ಆ ಡಾಕ್ಟ್ರ ಔಷಧಿ ನೀರಿದ್ದಂಗೆ ಐತ್ರೀ. ವಾಸ್ನೆ ಇಲ್ಲ, ಘಾಟಿಲ್ಲ. ಅದಕ್ಕೇ ಎರಡು ಹನಿ ನೀಲಗಿರಿ ಬಿಟ್ವಿ. ನೆಗಡಿಗೆ ಬಿಸಿನೀರಿಗೆ ಹಾಕ್ಕಂಡು ಕಂಬಳಿ ಹೊದಿಯಲ್ವಾ, ಹಂಗೆ. ಪುಟ್ಟಮ್ಮಾರೂ ಹಾಕಿದ್ರಂತೆ.’

ಪುಟ್ಟಮ್ಮನೂ! ಒಂದೂವರೆ ವರ್ಷದ ಕೂಸಿಗೆ!

‘ಮಾಸ್ಕು ತೊಳೆದಿರಾ?’ ಅಂದೆ. ಅಷ್ಟು ಹೊತ್ತಿಗೆ ನನಗೇ ಉಸಿರು ಸಿಕ್ಕುತ್ತಿರಲಿಲ್ಲ.

‘ತೊಳೀದೆ ಇರ್ತೀವಾ? ಬೂದಿ ಹಾಕಿ ತಿಕ್ಕೀನಿ ನೋಡ್ರಿ, ಹೆಂಗೆ ಫಳಫಳ ಅಂತೈತೆ!’

ಫಳಫಳ ಅನ್ನುತ್ತಿತ್ತು, ನಿಜ. ಮೂಗಿನ ಹತ್ತಿರ ಸೀಳೂ ಬಿಟ್ಟಿತ್ತು. ಪೈಪಿನೊಳಗೆ ಕಪ್ಪು ಚುಕ್ಕೆಗಳು ಕಾಣುತ್ತಿದ್ದವು.

ಮಷಿನ್ ಹೊತ್ತು ಬಂದೆ. ಅಕ್ಕ ಎರಡೂ ಕೈ ಚಾಚಿದಳು. ಬಾಯಾರಿದವಳ ಮುಂದೆ ನೀರಿನ ತಂಬಿಗೆ ಹಿಡಿದು, ಕೊಡುವುದಿಲ್ಲ ಅಂದ ಹಾಗಾಯಿತು ನನ್ನ ಪಾಡು. ಕೊಡಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಆಟೋ ನಿಲ್ಲಿಸಿ, ಅಕ್ಕನನ್ನು ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಮಷಿನ್ನನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಅಲ್ಲಿ ನರ್ಸ್ ತಡಮಾಡದೆ ಮಾಸ್ಕು ಹಾಕಿದರು. ಅರ್ಧ ಗಂಟೆಯಲ್ಲಿ ಅಕ್ಕನ ಹೆಗಲು ಕೆಳಗಿಳಿಯಿತು. ಅವಳು ಆಡಿದ ಮೊದಲ ಪೂರ್ತಿ ವಾಕ್ಯ: ‘ನೀನು ಊಟ ಮಾಡೀಯೇನೇ?’

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಚೀಲ ಬಿಚ್ಚಿ ತೋರಿಸಿದೆ. ನೀಲಗಿರಿಯ ಕಥೆ ಹೇಳಿದೆ. ಆಕೆ ಕುರ್ಚಿಯಿಂದ ಎದ್ದೇ ನಿಂತರು.

‘ಎಣ್ಣೇನಾ? ಈ ಬಟ್ಟಲೊಳಗಾ?’

ಆಮೇಲೆ ಬಿಡಿಸಿ ಹೇಳಿದರು. ಕಂಬಳಿ ಹೊದ್ದು ತೆಗೆದುಕೊಳ್ಳುವ ಹಬೆ ಮೂಗು, ಗಂಟಲು ದಾಟುವುದು ಕಡಿಮೆ. ಈ ಮಷಿನ್ ಹಾಗಲ್ಲ. ಇದು ಬಟ್ಟಲಲ್ಲಿದ್ದದ್ದನ್ನು ಹನಿಹನಿಯಾಗಿ ಒಡೆದು ಶ್ವಾಸಕೋಶದ ತಳಕ್ಕೇ ಕಳಿಸುತ್ತದೆ. ಅಲ್ಲಿ ಎಣ್ಣೆ ಸೇರಿದರೆ ಸುಲಭಕ್ಕೆ ಹೊರಗೆ ಬರುವುದಿಲ್ಲ, ಅಲ್ಲೇ ಉರಿಯೂತ ಎಬ್ಬಿಸುತ್ತದೆ. ‘ಆ ಮಗೂನ, ಆ ತಾತನ್ನ ಇವತ್ತೇ ಕರ್ಕೊಂಡು ಬನ್ನಿ’ ಅಂದರು. ಪುಟ್ಟಮ್ಮನ ಮೊಮ್ಮಗುವನ್ನೂ ನಾಗಪ್ಪಜ್ಜನನ್ನೂ ಸಂಜೆಯೊಳಗೆ ಕರೆತಂದೆವು. ಇಬ್ಬರ ಎದೆಗೂ ಏನೂ ಆಗಿಲ್ಲ ಅಂತ ಗೊತ್ತಾಗುವವರೆಗೆ ಅಕ್ಕ ಆಸ್ಪತ್ರೆಯ ಬೆಂಚು ಬಿಟ್ಟು ಏಳಲಿಲ್ಲ.

‘ಈ ಮಾಸ್ಕು, ಪೈಪು ಎಷ್ಟು ದಿನದ್ದು?’ ಡಾಕ್ಟರು ಕೇಳಿದರು.

‘ಎಂಟು ತಿಂಗಳಾತು ತಾಯೀ.’

‘ಅಮ್ಮಾ, ಇದನ್ನ ಆಗಾಗ ಬಿಸಾಕಿ ಹೊಸದು ಹಾಕ್ಬೇಕು!’

‘ಬಿಸಾಕಾದಾ?’ ಅಕ್ಕ ಬೆಚ್ಚಿದಳು. ‘ಇನ್ನೂ ಗಟ್ಟಿ ಐತಲ್ಲವ್ವಾ!’

ನನಗೂ ಇದು ಹೊಸ ಸುದ್ದಿ. ಮಷಿನ್ ತಂದ ದಿನ ನಾವೆಲ್ಲ ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದೆವೇ ಹೊರತು, ಇದರ ಯಾವ ಭಾಗ ಎಷ್ಟು ದಿನಕ್ಕೆ ಅಂತ ಯಾರೂ ಕೇಳಿರಲಿಲ್ಲ. ಯಾರೂ ಹೇಳಿಯೂ ಇರಲಿಲ್ಲ.

ಸರಿ, ಮಾಸ್ಕು, ಪೈಪು, ಬಟ್ಟಲು ಸೇರಿದ ಹೊಸ ಕಿಟ್ ತಂದರಾಯಿತು ಅಂತ ಹೊರಟೆ. ಎಷ್ಟರ ಕೆಲಸ ಅದು?

ನ್ಯಾಮತಿಯ ಮೂರು ಮೆಡಿಕಲ್ ಶಾಪ್ ಸುತ್ತಿದೆ. ‘ಮಷಿನ್ ಜೊತಿಗೇ ಬರಾದು ಮೇಡಂ, ಬಿಡಿ ಇಡಲ್ಲ. ಇನ್ನೊಂದು ಮಷಿನ್ ತಗಳ್ರಿ’ ಅಂದ ಒಬ್ಬ. ಚಪ್ಪಲಿಯ ಉಂಗುಷ್ಟ ಕಿತ್ತರೆ ಕಾಲನ್ನೇ ಬದಲಾಯಿಸು ಅಂದ ಹಾಗೆ! ಮರುದಿನ ಹೊನ್ನಾಳಿಗೆ ಹೋದೆ. ಅಲ್ಲಿ ಇತ್ತು. ಮಕ್ಕಳದ್ದು. ಮೀನಿನ ಮುಖದ ಆಕಾರದ, ಕಣ್ಣು ಬರೆದ, ಅಂಗೈ ಅಗಲದ ಮಾಸ್ಕು. ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಅವರು ಫೋನ್ ಮಾಡಿ, ‘ಅಂಚು ಕತ್ತರಿಸಿ ದೊಡ್ಡದು ಮಾಡಾಕೆ ಬರ್ತತೇನು?’ ಅಂತ ಗಂಭೀರವಾಗಿಯೇ ಕೇಳಿದರು. ಕೊನೆಗೆ ಸಿಕ್ಕಿದ್ದು ನನ್ನೂರು ಚನ್ನಗಿರಿಯಲ್ಲಿ. ಬಸ್ ನಿಲ್ದಾಣದ ಹತ್ತಿರದ ಒಂದು ಅಂಗಡಿಯ ಮೇಲಿನ ಕಪಾಟಿನಲ್ಲಿ, ಧೂಳು ಹಿಡಿದ ಊರುಗೋಲುಗಳ ಹಿಂದೆ, ದೊಡ್ಡವರ ಕಿಟ್ ಎರಡು. ಎರಡನ್ನೂ ತಂದೆ. ಇದಕ್ಕೆ ಮೂರು ದಿನ ಹಿಡಿಯಿತು. ಮೂರೂ ದಿನ ಅಕ್ಕ ದಿನಕ್ಕೆರಡು ಸಲ ಆಟೋ ಹತ್ತಿ ಆಸ್ಪತ್ರೆಗೆ ಹೋಗಿ ಉಸಿರು ತುಂಬಿಸಿಕೊಂಡು ಬಂದಳು.

ಹೊಸ ಮಾಸ್ಕು ಹಾಕಿಕೊಂಡ ಮೇಲೆ ಅಕ್ಕನಿಗೆ ಒಂದು ಉಪದೇಶ ಕೊಡೋಣ ಅಂತ ಕೂತೆ. ‘ಇನ್ನು ಮೇಲೆ ಯಾರಿಗೂ ಮಷಿನ್ ಕೊಡಬೇಡ’ ಅಂದೆ.

ಅವಳು ಮಾಸ್ಕು ಸರಿಸಿ ನನ್ನನ್ನೇ ನೋಡಿದಳು. ‘ಕೂಸಿನ ಎದೆ ಗೊರ್ ಗೊರ್ ಅಂತಿತ್ತು ಕಣೇ. ನಾನು ನನ್ನ ಮೂತಿಗೆ ಇಟ್ಕಂಡು ಸುಮ್ನೆ ಕೂರ್ಲಾ? ಹೇಳು, ನೀನಾಗಿದ್ರೆ ಕೂರ್ತಿದ್ದಾ?’

ನಾನು ಸಾರಿಗೆ ತಂದಿಟ್ಟಿದ್ದ ಸೊಪ್ಪನ್ನು ಮುಂದಕ್ಕೆಳೆದುಕೊಂಡು ಸೋಸತೊಡಗಿದೆ.

ಪಾಠ ಕಲಿಸಹೋದವಳಿಗೆ ದಾರಿ ತೋರಿಸಿದ್ದು ಅವಳೇ. ‘ಗಿರಣಿಗೆ ಬರೋರು ಅವರವರ ಡಬ್ಬಿ ಅವರವರೇ ತರಲ್ವಾ? ನಾನು ಬರೇ ಗಿರಣಿ ತಿರುಗಿಸ್ತೀನಿ. ಹಂಗೇ ಇದೂನು. ಮಷಿನ್ ನಂದು. ಮಾಸ್ಕು, ಪೈಪು, ಬಟ್ಲು ಅವರವರದು. ಎಣ್ಣೆ ತಂದ್ರೆ ಕಾಲು ಮುರಿತೀನಿ.’ ಡಾಕ್ಟರನ್ನು ಕೇಳಿದೆ. ಯಾವ ಔಷಧಿ, ಎಷ್ಟು ಅಂತ ಮೊದಲು ಆಸ್ಪತ್ರೆಯಲ್ಲಿ ಬರೆಸಿಕೊಂಡು ಬಂದವರಿಗಾದರೆ ಅಡ್ಡಿಯಿಲ್ಲ ಅಂದರು. ನಾನು ತಂದ ಎರಡನೇ ಕಿಟ್ ಅದೇ ದಿನ ನಾಗಪ್ಪಜ್ಜನ ಮನೆ ಸೇರಿತು.

ಇಷ್ಟರಲ್ಲಿ ಭಾನುವಾರ ಬಂತು. ಅಕ್ಕನ ಮಗ ಶಿವಕುಮಾರ ಜಗಳೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಅಪ್ಪ-ಅಮ್ಮನ ಹೆಸರಿನಲ್ಲಿ ಆರೋಗ್ಯ ವಿಮೆ ಮಾಡಿಸಿ, ತಪ್ಪದೆ ಕಂತು ಕಟ್ಟುವ ಹುಡುಗ. ಅಂದು ಬೆಳಿಗ್ಗೆಯೇ ನ್ಯಾಮತಿಗೆ ಬಂದಿದ್ದ. ‘ಇದೆಲ್ಲಾ ಇನ್ಶೂರೆನ್ಸ್‌ನಾಗೆ ಬರಲ್ವೇನೋ?’ ಅಂದೆ.

‘ಚಿಕ್ಕಮ್ಮಾ, ಅದನ್ನ ಕೇಳಬ್ಯಾಡ’ ಅಂದ. ಒಳಗಿಂದ ಒಂದು ಫೈಲು ತಂದು ಮುಂದಿಟ್ಟ.

ಎಂಟು ತಿಂಗಳ ಹಿಂದೆ ಅಕ್ಕ ದಾವಣಗೆರೆಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದ್ದಳು. ಆ ಬಿಲ್ಲು. ಹಾಸಿಗೆಗೆ ಕಂಪನಿ ದುಡ್ಡು ಕೊಟ್ಟಿದೆ. ಡಾಕ್ಟರಿಗೆ ಕೊಟ್ಟಿದೆ. ಔಷಧಿಗೂ ಕೊಟ್ಟಿದೆ. ಕೆಳಗೆ ‘ಪಾವತಿಗೆ ಒಳಪಡದ ವಸ್ತುಗಳು’ ಅಂತ ಒಂದು ಸಾಲು. ಅದರಲ್ಲಿ ನೆಬ್ಯುಲೈಜರ್ ಕಿಟ್. ಔಷಧಿಗೆ ಕೊಡುತ್ತಾರೆ, ಆ ಔಷಧಿ ಮೂಗಿನವರೆಗೆ ಬರಲು ಬೇಕಾದ ಮಾಸ್ಕಿಗೆ ಕೊಡುವುದಿಲ್ಲ! ಮದುವೆಗೆ ಕರೆದು, ಊಟ ನಮ್ಮದು, ಎಲೆ ನೀವು ತನ್ನಿ ಅಂದ ಹಾಗೆ. ಆಸ್ಪತ್ರೆಯಿಂದ ಮನೆಗೆ ತಂದು ಎಂಟು ತಿಂಗಳು ಅಕ್ಕ ಬಿಸಾಡದೆ ಕಾಪಾಡಿದ್ದು, ಬೂದಿಯಲ್ಲಿ ತಿಕ್ಕಿಸಿಕೊಂಡಿದ್ದು ಇದೇ ಕಿಟ್.

ನಾನು ಸುಮ್ಮನಿರಲಿಲ್ಲ. ಶಿವಕುಮಾರನ ಫೋನಿನಿಂದ ಸಹಾಯವಾಣಿಗೆ ಹಚ್ಚಿಸಿ, ಸ್ಪೀಕರ್ ಹಾಕಿಸಿದೆ. ಒಂದು ಒತ್ತಿ, ಮೂರು ಒತ್ತಿ, ಈ ಕರೆ ರೆಕಾರ್ಡ್ ಆಗುತ್ತಿದೆ, ಸಂಗೀತ ಕೇಳಿ. ಎಲ್ಲ ಆದ ಮೇಲೆ ಒಬ್ಬ ಹುಡುಗಿ ಮಾತಿಗೆ ಸಿಕ್ಕಳು. ಶಿವಕುಮಾರ ಪಾಲಿಸಿ ನಂಬರು ಹೇಳಿ ಫೋನ್ ನನ್ನ ಕೈಗಿತ್ತ. ನಾನು ಮೂರನೇ ಮನೆಯಿಂದ ಹಿಡಿದು ಚನ್ನಗಿರಿಯ ಕಪಾಟಿನವರೆಗೆ ಎಲ್ಲವನ್ನೂ ಹೇಳಿದೆ. ಪಾಪ, ನಡುವೆ ಬಾಯಿ ಹಾಕದೆ ಕೇಳಿದಳು.

‘ಮೇಡಂ, ನಿಮ್ಮ ಪಾಲಿಸಿಯ ಪ್ರಕಾರ ಮನೆಯಲ್ಲಿ ತೆಗೆದುಕೊಳ್ಳುವ ನೆಬ್ಯುಲೈಸೇಶನ್ ಕವರ್ ಆಗುವುದಿಲ್ಲ. ಕನಿಷ್ಠ ಇಪ್ಪತ್ನಾಲ್ಕು ಗಂಟೆ ಅಡ್ಮಿಟ್ ಆಗಿರಬೇಕು.’

‘ಅಡ್ಮಿಟ್ ಆದರೆ ಮಾಸ್ಕಿಗೆ ಕೊಡ್ತೀರಾ?’

‘ಇಲ್ಲ ಮೇಡಂ. ಮಾಸ್ಕ್ ಆಗಲೂ ಬರುವುದಿಲ್ಲ.’

‘ಅಲ್ಲಮ್ಮಾ, ದಿನಾ ಎರಡು ಹೊತ್ತು ಇದನ್ನ ಸರಿಯಾಗಿ ತಗೊಂಡ್ರೆ ನಮ್ಮಕ್ಕ ಅಡ್ಮಿಟ್ ಆಗೋದೇ ಬೇಡ. ಆಗ ನಿಮ್ಮ ಕಂಪನಿಗೇ ಅಲ್ವಾ ಉಳಿತಾಯ?’

‘ಅರ್ಥವಾಗುತ್ತದೆ ಮೇಡಂ. ಆದರೆ ಪಾಲಿಸಿಯಲ್ಲಿ ಅವಕಾಶವಿಲ್ಲ.’

ಮಾಸ್ಕಿನೊಳಗಿಂದಲೇ ಅಕ್ಕ ಅಂದಳು: ‘ಅಂದ್ರೆ ನಾನು ಮಕ್ಕಂಡ್ರೆ ದುಡ್ಡು ಕೊಡ್ತಾರೆ, ಎದ್ದು ಕುಂತ್ರೆ ಕೊಡಲ್ಲ.’ ಇಷ್ಟು ಸ್ಪಷ್ಟವಾಗಿ ಯಾವ ಪಾಲಿಸಿ ಪುಸ್ತಕದಲ್ಲೂ ಬರೆದಿರಲಾರರು.

(ಎಲ್ಲ ಪಾಲಿಸಿಯೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಮನೆಯ ಚಿಕಿತ್ಸೆಗೂ ಕೊಡುವಂಥವು ಇರಬಹುದು. ನಿಮ್ಮದನ್ನು ಬೀರುವಿನಿಂದ ತೆಗೆದು, ಕೊನೇ ಪುಟದ ಸಣ್ಣಕ್ಷರದವರೆಗೆ ಇವತ್ತೇ ಓದಿ. ನಾವು ಓದಿರಲಿಲ್ಲ. ಮೇಷ್ಟ್ರೂ ಓದಿರಲಿಲ್ಲ!)

‘ಬೇರೆ ಏನಾದರೂ ಸಹಾಯ ಬೇಕಿತ್ತಾ ಮೇಡಂ?’ ಹುಡುಗಿ ಕೇಳಿದಳು.

ಬೇಡ ತಾಯಿ, ಈಗ ಮಾಡಿದ್ದೇ ಸಾಕು ಅಂದೆ. ನನ್ನ ದನಿ ಸ್ವಲ್ಪ ಬಿರುಸಾಗಿಯೇ ಇತ್ತು. ಅವಳು ಫೋನ್ ಇಡುತ್ತಾಳೆ ಅಂದುಕೊಂಡೆ. ಇಡಲಿಲ್ಲ. ಅವಳ ದನಿ ತಗ್ಗಿತು. ಅಷ್ಟು ಹೊತ್ತಿನ ಇಸ್ತ್ರಿ ಹಾಕಿದ ಕನ್ನಡ ಹೋಗಿ ನಮ್ಮ ಕಡೆಯ ಕನ್ನಡ ಬಂತು.

‘ಮೇಡಂ, ನಮ್ಮಪ್ಪಗೂ ಇದೇ ಐತೆ. ದೊಡ್ಡೋರ ಮಾಸ್ಕು ಎಂಟು ದಿನದಿಂದ ಹುಡುಕ್ತಿದೀನಿ. ಚನ್ನಗಿರಿಯಾಗೆ ಸಿಕ್ತು ಅಂದ್ರಲ್ಲ, ಯಾವ ಅಂಗಡಿ?’