ಹೊನ್ನವಳ್ಳಿಯಲ್ಲಿ ಕಿವಿಯ ಪರೀಕ್ಷೆ

ಗುರುವಾರ ಬೆಳಗ್ಗೆ ಏಳಕ್ಕೆ ತುಮಕೂರು ಬಿಟ್ಟೆ. ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದುಕೊಟ್ಟು, ನನ್ನ ಮಡಿಲಲ್ಲಿದ್ದ ಮರದ ಪೆಟ್ಟಿಗೆ ನೋಡಿ, "ಹಾರ್ಮೋನಿಯಂ ಏನ್ರೀ ಮೇಡಂ?" ಎಂದರು. ಅಲ್ಲ, ಪರೀಕ್ಷೆಯ ಸಾಮಾನು ಎಂದೆ. ನಾನು ಉದ್ಯೋಗ ಕಚೇರಿಯಲ್ಲಿ ವೃತ್ತಿ ಮನಶ್ಶಾಸ್ತ್ರದ ತರಬೇತಿಯಲ್ಲಿರುವವಳು. ಯಾರಿಗೆ ಯಾವ ಕೆಲಸ ಒಗ್ಗುತ್ತದೆಂದು ನೋಡಿ ವರದಿ ಬರೆಯಬೇಕು. ಒಬ್ಬಳೇ ಹೊರಟದ್ದು ಅದೇ ಮೊದಲು.

ತಿಪಟೂರಿಗೆ ಎರಡು ಗಂಟೆ. ಬಸ್ ನಿಲ್ದಾಣದೆದುರು ನಾಲ್ಕು ಇಡ್ಲಿ ತಿಂದೆ. ಕಾಯಿಚಟ್ನಿಗೆ ಜಿಪುಣತನವಿರಲಿಲ್ಲ, ಈ ತೆಂಗಿನ ಸೀಮೆಯಲ್ಲಿ ಇರಲೂಬಾರದು. ಅಲ್ಲಿಂದ ಹೊನ್ನವಳ್ಳಿಗೆ ಇನ್ನೊಂದು ಬಸ್ಸು. ಬಿಸಿಲು ಹಿತವಾಗಿತ್ತು. ಎರಡೂ ಬದಿಗೆ ತೋಟ ಮುಗಿಯುವುದೇ ಇಲ್ಲ.

ನಾನು ಪರೀಕ್ಷಿಸಬೇಕಿದ್ದ ರಂಗಸ್ವಾಮಿ ನಿಲ್ದಾಣದಲ್ಲೇ ಕೋಲೂರಿ ಕಾಯುತ್ತಿದ್ದರು. ನಲವತ್ತೈದರ ಆಸುಪಾಸು. ಮರ ಹತ್ತಿ ಕಾಯಿ ಕೀಳುತ್ತಿದ್ದವರು. ಮೂರು ವರ್ಷದ ಹಿಂದೆ ಬಿದ್ದು ಬಲಮಂಡಿ ಮಡಚದೆ, ಅಂದಿನಿಂದ ಮನೆಯಲ್ಲೇ. ಊರಿನ ಕೊಬ್ಬರಿ ಶೆಡ್ಡಿನ ರಹಮತ್ ಸಾಬರು ಕಾಯಿ ವಿಂಗಡಿಸುವ ಕೆಲಸ ಕೊಡಲು ಅರ್ಧ ಮನಸ್ಸು ಮಾಡಿದ್ದರು. "ಬಿದ್ದ ಮನುಷ್ಯ. ಕೈ ಸರಿಯಿದೆ ಅಂತ ಆಫೀಸಿನ ಕಾಗದ ಬರ್ಲಿ" ಎಂದಿದ್ದರಂತೆ. ಆ ಕಾಗದ ಬರೆಯಬೇಕಾದವಳು ನಾನು.

ಪಂಚಾಯಿತಿ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿದೆ. ನಲವತ್ತು ಮರದ ತುಂಡುಗಳನ್ನು ಹಲಗೆಯ ಕುಳಿಗಳಲ್ಲಿ ಬೇಗಬೇಗ ಕೂರಿಸಬೇಕು. ಗಡಿಯಾರ ಒತ್ತಿದೆ. ರಂಗಸ್ವಾಮಿ ಮೊದಲ ತುಂಡು ತೆಗೆದು, ಕಿವಿಯ ಬಳಿ ಅಲ್ಲಾಡಿಸಿ, ಆಮೇಲೆ ಇಟ್ಟರು. ಎರಡನೆಯದೂ ಹಾಗೇ. ನಡುವೆ ಮಾತಾಡಬಾರದೆಂಬ ನಿಯಮ. ಸಮಯ ಮುಗಿದಾಗ ಇಟ್ಟದ್ದು ಹದಿನೇಳೇ.

"ಅದ್ಯಾಕ್ರೀ ಅಲ್ಲಾಡಿಸಿದ್ರಿ?"

"ಅಯ್ಯೋ, ಅಲ್ಲಾಡಿಸಿದ್ನಾ? ಅಭ್ಯಾಸ ಕಣ್ರೀ ಮೇಡಂ. ನಮ್ಮನೆ ಅಟ್ಟದ ಕಾಯಿ ಒಣಗೈತಾ ಅಂತ ಕೇಳಿ ಕೇಳಿ, ಕೈಗೆ ಬಂದಿದ್ದೆಲ್ಲ ಕಿವಿಗೋಯ್ತದೆ." ಆಮೇಲೆ ಅವರ ಮುಖ ಬಾಡಿತು. "ಹೋಯ್ತು ಅನ್ನಿ ಹಂಗಾರೆ. ಬುಡಿ, ನನ್ನ ಹಣೇಬರ."

'ಕೈಚುರುಕು ಸಾಲದು' ಎಂದು ಬರೆದು ಬಸ್ಸು ಹತ್ತಬಹುದಿತ್ತು. ನನಗೆ ನಾಚಿಕೆಯಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನಿಜವಾಗಿಯೂ ನಾನು ಹಾಸಿದ ನೆಲವೇ ಡೊಂಕಾಗಿತ್ತು. "ನಡೀರಿ ಶೆಡ್ಡಿಗೆ" ಎಂದೆ.

ರಹಮತ್ ಸಾಬರು ಅಟ್ಟದಿಂದ ಇಳಿಸಿದ ಮೂವತ್ತು ಕಾಯಿ ಮುಂದಿಟ್ಟರು. ವರ್ಷದ ಹತ್ತಿರ ಒಣಗಿದವು. ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಅಂದರೆ ಸುಲಿದು ಒಡೆಯಬಹುದು. ನೀರುಳಿದಿದ್ದರೆ ಮತ್ತೆ ಅಟ್ಟಕ್ಕೆ. ರಂಗಸ್ವಾಮಿ ಕಾಲು ಚಾಚಿ ಸ್ಟೂಲಿನ ಮೇಲೆ ಕೂತರು. ಒಂದು ಎಡಕ್ಕೆ, ಒಂದು ಬಲಕ್ಕೆ, ನಾನು ಗುರುತು ಹಾಕಿಕೊಳ್ಳುವಷ್ಟರಲ್ಲಿ ಮುಗಿದೇಹೋಯಿತು. ನೀರಿದೆಯೆಂದು ಬೇರೆಯಿಟ್ಟ ಒಂದನ್ನು ಸಾಬರು ತಾವೇ ಅಲ್ಲಾಡಿಸಿ, "ಇದು ಒಣಗೈತೆ ಕಣಪ್ಪ" ಎಂದರು.

"ಒಂದು ಚಮಚ ಅದೆ ಸಾಬ್ರೆ. ಒಡೀರಿ."

ಒಡೆದರು. ಒಳಗಿನ ನೀರಿಗೆ ಸಾಬರ ಅಂಗೈ ಒದ್ದೆಯಾಯಿತು. ಸಾಬರು ನಕ್ಕುಬಿಟ್ಟರು. "ಸೋಮವಾರದಿಂದ ಬಾರಪ್ಪ. ಮೇಡಂ, ನಿಮ್ಮ ಕಾಗದ ಕಳಿಸಿ."

ಎರಡೂ ಪರೀಕ್ಷೆಯ ಫಲವನ್ನು ಅಲ್ಲೇ ಕೂತು ವರದಿಯಲ್ಲಿ ಬರೆದೆ. ಮೇಲಧಿಕಾರಿ ಬೈದರೆ ಬೈಯಲಿ. ಖುಷಿಗೆ ಹಸಿವೇ ಮರೆತುಹೋಗಿತ್ತು. ಮೂರೂವರೆಗೆ ಶೆಡ್ಡಿನ ಮುಂದೆಯೇ ಬಸ್ಸು ಬಂತು. ರಂಗಸ್ವಾಮಿ ಪೆಟ್ಟಿಗೆ ಎತ್ತಿಕೊಟ್ಟು, "ಹೋಗ್ಬನ್ನಿ ಮೇಡಂ" ಎಂದರು.

ಬಸ್ಸು ತಿರುಗುವಾಗ ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ರಂಗಸ್ವಾಮಿ ಮನೆಯ ದಾರಿ ಹಿಡಿಯಲಿಲ್ಲ. ಕೋಲೂರಿಕೊಂಡು ಮತ್ತೆ ಶೆಡ್ಡಿನೊಳಕ್ಕೆ ಹೋದರು.