ಡಬ್ಬಿಯ ಮೇಲಿನ ತಲೆಬುರುಡೆ

ಎಂಬತ್ತರ ದಶಕದಲ್ಲಿ ನಾನು ಹತ್ತಿ ಬೆಳೆಗೆ ಕೀಟನಾಶಕ ಮಾರುವ ದೊಡ್ಡ ಕಂಪನಿಯೊಂದರ ನೌಕರ. ನಮ್ಮ ಮಳಿಗೆಯಿದ್ದ ತಿರ್ಲಾಪುರ ಹಳ್ಳಿಯ ಹೆಂಗಸರು ಔಷಧದ ಖಾಲಿ ಡಬ್ಬಿ ತೊಳೆದು ಕುಡಿಯುವ ನೀರು ತುಂಬಿಡುತ್ತಿದ್ದರು. ಡಬ್ಬಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು. ಹಾಗಾಗಿ ಮಳಿಗೆಯ ಡಬ್ಬಿಗಳ ಮೇಲೆಲ್ಲ ಕೆಂಪು ಬಣ್ಣದಲ್ಲಿ ತಲೆಬುರುಡೆ ಬರೆದೆ.

ತಪಾಸಣೆಗೆ ಬಂದ ಮ್ಯಾನೇಜರರು, “ಮಂಜೂರಾದ ಲೇಬಲ್ ಕೆಡಿಸಿದ್ದೀರಿ, ಅಳಿಸಿ” ಎಂದರು. ಸೀಮೆಎಣ್ಣೆಯಲ್ಲಿ ಒರೆಸಿದೆ.

ನೋಡುತ್ತಿದ್ದ ಅದೇ ಹಳ್ಳಿಯ ಗಂಗವ್ವ, “ವಿಷ ಹೋತೇನ್ರಿ ಸಾಹೇಬ್ರ? ಹಂಗಾರ ಒಂದು ಡಬ್ಬಿ ಕೊಡ್ರಿ, ನೀರಿಗೆ ಅಗದಿ ಚಲೋ” ಅಂದಳು.

“ಇಲ್ಲಬೇ ಯವ್ವಾ, ಚಿತ್ರ ಹೋತು, ವಿಷ ಹಂಗ ಐತಿ!” ಎಂದು ಕೂಗಿದೆ. ಗ್ರಾಹಕರನ್ನು ಹೆದರಿಸಿದ್ದಕ್ಕೆ ಮೆಮೊ ಬಂತು.

ಮರುತಿಂಗಳು, ನೌಕರರು ಹೊಸ ವಿಚಾರ ಸೂಚಿಸಬೇಕೆಂದು ಫಾರ್ಮು ಬಂತು. ಮೂರು ಪ್ರತಿಗಳಲ್ಲೂ ತಲೆಬುರುಡೆಯನ್ನೇ ಸೂಚಿಸಿದೆ. “ಈಗಾಗಲೇ ಒಮ್ಮೆ ಅಳಿಸಿರುವುದರಿಂದ ಇದು ಹೊಸ ವಿಚಾರವಲ್ಲ” ಎಂದು ಉತ್ತರ ಬಂತು. ಅದೂ ಇಂಗ್ಲಿಷಿನಲ್ಲೇ ಇತ್ತು.