ಟೊಪ್ಪಿಗೆ ಹಾರಿದ ದಿಕ್ಕು

ಬೆಳಿಗ್ಗೆ ನಾಲ್ಕು ಕೊಡ ನೀರು ಸೇದಿದೆ. ಎಮ್ಮೆಯ ಗೋದಲಿ ಬಳಿದೆ. ತಂದೆಯವರ ಮೊಳಕಾಲಿಗೆ ಎಣ್ಣೆ ತಿಕ್ಕಿದೆ. ಮಜ್ಜಿಗೆ ಕುಡಿದು ಗೋಕಾಕದ ಸರ್ವಿಸ್ ಮೋಟಾರು ಹಿಡಿಯಲು ಹೊರಟೆ. ಅಷ್ಟು ಹೊತ್ತಿನವರೆಗೆ ಒಂದು ಕೆಲಸವೂ ಕೆಟ್ಟಿರಲಿಲ್ಲ, ಹಾಗಾಗಿ ನನ್ನ ಮೇಲೆ ನನಗೆ ವಿಶ್ವಾಸ ತುಸು ಜಾಸ್ತಿಯೇ ಇತ್ತು.

ಮೂಡಲಗಿಗೆ ಇನ್ನೂ ಕರೆಂಟು ಬಾರದ ಕಾಲ. ನಮ್ಮ ಮನೆಯಲ್ಲಿ ಕೈಯಿಂದ ತಿರುಗಿಸುವ ಒಂದು ಸಿನೇಮಾ ಯಂತ್ರವಿತ್ತು. ಹುಕ್ಕೇರಿಗೆ ಆಟ ತೋರಿಸಲು ಬಂದವನೊಬ್ಬ ಊರು ಬಿಡುವಾಗ ಮಾರಿಹೋದದ್ದು. ಒಳಗೆ ಸೀಮೆಎಣ್ಣೆಯ ದೀಪ, ಜೊತೆಗೆ ಒಂದೇ ಒಂದು ಸುರುಳಿ. ಪರಂಗಿಯವನೊಬ್ಬನ ಟೊಪ್ಪಿಗೆ ಗಾಳಿಗೆ ಹಾರುತ್ತದೆ, ಅವನು ಬೆನ್ನಟ್ಟುತ್ತಾನೆ, ಅಷ್ಟೇ. ಹನ್ನೆರಡು ವರ್ಷ ಅದನ್ನೇ ನೋಡಿದೆವು. ಪಡಸಾಲೆಯ ನಡುವೆ ಧೋತರ ಕಟ್ಟಿ ನೀರು ಚಿಮುಕಿಸಿದರೆ ಈಚೆ ತಂದೆಯವರು ಮತ್ತು ನಾನು. ಮಾವನ ಸಮ ಸೊಸೆ ಕೂಡುವ ರೂಢಿ ಇರಲಿಲ್ಲವಾದ್ದರಿಂದ ಆಚೆ ನನ್ನ ಹೆಂಡತಿ. ತೊಯ್ದ ಬಟ್ಟೆಯಲ್ಲಿ ಚಿತ್ರ ಆಚೆಗೂ ಮೂಡುತ್ತಿತ್ತು, ಎಡಬಲ ಅದಲುಬದಲಾಗಿ. ಟೊಪ್ಪಿಗೆ ಎಡಕ್ಕೆ ಹಾರುತ್ತದೆಂದು ನಾನು, ಬಲಕ್ಕೆಂದು ಅವಳು. ಕಾರಣ ಬಿಡಿಸಿ ಹೇಳಿದರೂ ಒಪ್ಪಿದವಳಲ್ಲ.

ಆ ಯಂತ್ರದ ದೀಪದ ಡಬ್ಬಿ ತುಕ್ಕು ತಿಂದು ಉದುರಿತು. ಹೊಸ ಯಂತ್ರವನ್ನೇ ಆರಿಸಲು ಹೊರಟ ನನ್ನ ಶಲ್ಯದ ತುದಿಗೆ ಅವಳೊಂದು ಗಂಟು ಹಾಕಿದಳು.

"ಅರಿವಿ ಆಚಿಗೂ ಕಾಣತೈತೇನು, ಅದೊಂದು ನೋಡಿ ತರ್ರಿ. ಮರೀಬ್ಯಾಡ್ರಿ."

"ಗಂಟು ಯಾಕ? ನಾ ಏನ್ ಸಣ್ಣ ಕೂಸೇನು?"

"ಕೂಸಾದ್ರ ಹೇಳಿದ್ದು ಕೇಳತಿತ್ತು ಬಿಡ್ರಿ."

ಗೋಕಾಕದ ಗಡಿಯಾರ ರಿಪೇರಿ ಅಂಗಡಿಯಲ್ಲಿ ಎರಡು ಯಂತ್ರಗಳಿದ್ದವು. ಅಂಗಡಿಯ ಸಾಹೇಬರು ಬಾಗಿಲು ಮುಚ್ಚಿ, ನಾನು ಒಯ್ದಿದ್ದ ಸುರುಳಿಯನ್ನೇ ಸುಣ್ಣದ ಗೋಡೆಗೆ ಬಿಟ್ಟು ತೋರಿಸಿದರು. ಒಂದು ದೊಡ್ಡದು, ಗಿರಣಿಯಂಥ ಸದ್ದು, ದೀಪ ಮಾತ್ರ ಬಲು ಜೋರು. ಇನ್ನೊಂದು ಹಿತ್ತಾಳೆ ಮೂತಿಯ ಸಣ್ಣದು. ದೀಪ ಸಣ್ಣದಾದರೂ ಪರಂಗಿಯವನ ಮೀಸೆಯ ಕೂದಲು ಎಣಿಸಬಹುದು. ತಿಳಿದವನಂತೆ ಕೆಮ್ಮಿದೆ. ಹಿಡಿಕೆಯನ್ನು ಹಿಂದೆ ಮುಂದೆ ತಿರುಗಿಸಿದೆ. ಗಾಜನ್ನು ಶಲ್ಯದಿಂದ ಒರೆಸುವಾಗ ಗಂಟು ಕೈಗೆ ಸಿಕ್ಕಿತು.

"ಮನ್ಯಾಗ ಏನೋ ಹೇಳಿ ಕಳಿಸ್ಯಾರ್ರಿ," ಎಂದೆ.

"ಗೋಕಾಕಕ್ಕ ಹೊಂಟವರಿಗೆ ಕರದಂಟ ಬಿಟ್ಟು ಮತ್ತೇನ್ ಹೇಳತಾರ್ರಿ ಕಾಕಾ?" ಎಂದರು ಸಾಹೇಬರು.

ಖರೆ ಅನಿಸಿತು. ಸಣ್ಣ ಯಂತ್ರವನ್ನೂ ಕರದಂಟನ್ನೂ ಹೊತ್ತು ಬಂದೆ.

ದೀಪ ಹಚ್ಚುವ ಹೊತ್ತಿಗೆ ಧೋತರ ಕಟ್ಟಿ, ನೀರು ಚಿಮುಕಿಸಿ, ಹಿಡಿಕೆ ತಿರುಗಿಸಿದೆ. ಟೊಪ್ಪಿಗೆ ಸೊಗಸಾಗಿ ಹಾರಿತು.

"ಹೆಂಗೈತಿ?" ಎಂದು ಕೂಗಿದೆ.

"ಚಾಲೂ ಮಾಡ್ರಿ, ನೋಡಿ ಹೇಳತೀನಿ."

"ಮುಗದೇ ಹೋತು!"

ಆಚೆಯಿಂದ ಅವಳ ಬೆರಳು ಧೋತರವನ್ನು ತಟ್ಟಿತು. ಆಮೇಲೆ, "ಗಂಟು ಬಿಚ್ಚೀರೇನು?"

ಗೋಡೆಯ ಹಿಂದೆ ಯಾರೂ ಕೂಡುವುದಿಲ್ಲ, ಧೋತರದ ಹಿಂದೆ ಕೂಡುತ್ತಾರೆ ಎಂಬುದು ನನಗೆ ಆಗ ಹೊಳೆಯಿತು; ಸಣ್ಣ ದೀಪದ ಬೆಳಕು ಬಟ್ಟೆ ದಾಟಿರಲಿಲ್ಲ. ಹನ್ನೆರಡು ವರ್ಷ ಅವಳಿಗಿದ್ದ ಒಂದೇ ಆಟವನ್ನು ಕಿತ್ತುಕೊಂಡು, ಬದಲಿಗೆ ಕರದಂಟು ತಂದಿದ್ದೆ. ಇನ್ನಷ್ಟು ತೊಯ್ದರೆ ಕಂಡೀತೆಂದು ಒಂದು ತಂಬಿಗೆ ನೀರನ್ನೇ ಸುರಿದೆ. ಚಿತ್ರ ಆಚೆ ಹೋಗಲಿಲ್ಲ, ನೀರು ಹೋಯಿತು.

ತಂದೆಯವರು ಕೋಲೂರಿ ಎದ್ದರು. "ನಾ ಆಚಿ ಕುಂದರತೀನಿ. ಆಕಿ ಈಚಿ ಬರಲಿ."

"ಅಪ್ಪಾ, ಅಲ್ಲಿ ಏನೂ ಕಾಣಂಗಿಲ್ಲ."

"ಇಲ್ಲೆ ಏನ್ ಕಾಣತಿತ್ತಲೇ? ಎರಡ ವರ್ಷಾತು ಕಣ್ಣ ಮಂಜಾಗಿ. ಸುಮ್ಮ ಸಪ್ಪಳ ಕೇಳತಿದ್ದೆ."

ದಿನಾ ಅವರ ಮೊಳಕಾಲಿಗೆ ಎಣ್ಣೆ ತಿಕ್ಕುವವನಿಗೆ ಕಣ್ಣಿನ ಸಂಗತಿ ಗೊತ್ತಿರಲಿಲ್ಲ. ಇಂಥವನು ಯಂತ್ರ ಆರಿಸಲು ಹೋಗಿದ್ದ.

ಹೆಂಡತಿ ಸೆರಗು ಹೊದ್ದು ಈಚೆ ಬಂದು ಕೂತಳು. ಟೊಪ್ಪಿಗೆ ಎಡಕ್ಕೆ ಹಾರಿತು. ಈಗಲಾದರೂ ಸೋತಳು ಎಂದುಕೊಂಡೆ.

"ಕೆಟ್ಟ ಮಶೀನ ತಂದೀರಿ," ಎಂದಳು. "ಟೊಪಗಿ ಉಲ್ಟಾ ಹಾರಾಕತ್ತೈತಿ."

"ಹೌದವಾ, ಹಳೇದ ಚಲೋ ಇತ್ತು," ಎಂದು ಧೋತರದ ಆಚೆಯಿಂದ ತೀರ್ಪು ಬಂತು.

ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡೆವು. ಮೇಲೆ ಕರದಂಟು. ಅವಳು ಎರಡು ತುಂಡು ತಿಂದು, ಇನ್ನೊಮ್ಮೆ ಸುರುಳಿ ಹಾಕಿಸಿದಳು. ತಂದೆಯವರು ಒದ್ದೆ ನೆಲ ಬಿಟ್ಟು ಸರಿದು, ಧೋತರದ ಆಚೆ ಎಲ್ಲರಿಗಿಂತ ಮೊದಲು ನಿದ್ದೆ ಹೋದರು.